ಹಳೇ ಲೆನ್ಸಿನ ಪರ ವಕಾಲತ್ತು

ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವ ಮಿರರ್‌ಲೆಸ್ ಕ್ಯಾಮೆರಾ ಕೊಂಡು, ಅದರ ಜಾಣತನವನ್ನು ನೆಂಟರಿಷ್ಟರಿಗೆಲ್ಲ ಬಣ್ಣಿಸಿ, ಆಮೇಲೆ ಅದರ ಮೂತಿಗೆ ಅಡಾಪ್ಟರ್ ಸಿಕ್ಕಿಸಿ ಸೋವಿಯತ್ ಕಾಲದ ಹೀಲಿಯೋಸ್ 44 ಲೆನ್ಸನ್ನು ತಿರುಪಿ ಕೂರಿಸುವವರನ್ನು ಕಂಡರೆ ಮನೆಯವರಿಗೆ ಅನುಮಾನ ಬರುವುದು ಸಹಜ. ಫೋಕಸ್ಸೂ ಅಪರ್ಚರ್ರೂ ಕೈಯಲ್ಲೇ ತಿರುಗಬೇಕು. ಸಾಲದ್ದಕ್ಕೆ, ಕಾಮನಬಿಲ್ಲನ್ನೇ ಹಿಡಿಯಬಲ್ಲ ಸೆನ್ಸರಿಗೆ ಕಪ್ಪು-ಬಿಳುಪಿನ ಪಥ್ಯ ಬೇರೆ. ಆದರೂ ಈ ಹುಚ್ಚಿಗೊಂದು ತರ್ಕವಿದೆ ಎಂಬುದು ನನ್ನ ವಾದ. ಹಳೇ ಲೆನ್ಸಿನ ಕುಂದುಗಳಲ್ಲಿ ಹೆಚ್ಚು ಮುಜುಗರ ತರುವಂಥವು ಬಣ್ಣಕ್ಕೆ ಸೇರಿದವು. ಬಣ್ಣವನ್ನೇ ಕೈಬಿಟ್ಟರೆ ಹಳೇ ಲೆನ್ಸು, ಕಪ್ಪು-ಬಿಳುಪು ಎರಡರ ಜಾತಕವೂ ಸೊಗಸಾಗಿ ಕೂಡುತ್ತದೆ. ಬೆಳ್ಳನೆಯ ಆಕಾಶಕ್ಕೆ ಚಾಚಿದ ಒಣ ಕೊಂಬೆಯನ್ನು ಇಂಥ ಲೆನ್ಸಿನಲ್ಲಿ ತೆಗೆದರೆ ಅಂಚಿಗೆಲ್ಲ ನೇರಳೆ ಕರೆ ಅಂಟುತ್ತದೆ. ಕಪ್ಪು-ಬಿಳುಪಿನಲ್ಲಿ ಅದು ಒಂದಿಷ್ಟು ಮಸುಕಾಗಿ ಉಳಿದೀತು, ಅಷ್ಟೆ. ಥೋರಿಯಂ ಬೆರೆತ ಗಾಜಿನ ಹಳೇ ಟಾಕುಮಾರ್ ಲೆನ್ಸುಗಳು ವಯಸ್ಸಾದಂತೆ ಚಹದ ಬಣ್ಣಕ್ಕೆ ತಿರುಗುತ್ತವೆ. ಬಣ್ಣದ ಚಿತ್ರಕ್ಕೆ ಅದು ಕಾಮಾಲೆ. ಕಪ್ಪು-ಬಿಳುಪು ಫಿಲ್ಮಿಗೆ, ನೀಲಿಯನ್ನು ತಡೆದು ಮೋಡಗಳನ್ನು ಎದ್ದು ಕಾಣಿಸುವ ಪುಕ್ಕಟೆ ಹಳದಿ ಫಿಲ್ಟರ್.

‘ಬಣ್ಣದಲ್ಲೇ ತೆಗೆದು ಮನೆಗೆ ಬಂದು ಕಂಪ್ಯೂಟರಿನಲ್ಲಿ ಬಣ್ಣ ತೆಗೆದರಾಯಿತಲ್ಲ?’ ಎಂಬ ಆಕ್ಷೇಪ ಬಂದೇ ಬರುತ್ತದೆ. ತೆಗೆಯಬಹುದು, ನಾನೇನೂ ಮಡಿವಂತನಲ್ಲ. ಆದರೆ ಯಾವುದನ್ನು ತೆಗೆದರೆ ಏನು ಉಳಿಯುತ್ತದೆಂದು ಜಾಗದಲ್ಲಿ ನಿಂತಾಗಲೇ ಹೊಳೆದಿರಬೇಕು. ಹಸಿರೆಲೆಗಳ ನಡುವೆ ಧಗಧಗಿಸುವ ಕೆಂಪು ದಾಸವಾಳ ಬೂದುಬಣ್ಣಕ್ಕಿಳಿದರೆ ಎಲೆಯ ಜೊತೆ ರಾಜಿಯಾಗಿ ಕಣ್ಮರೆಯಾದೀತು. 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯೆದುರು ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕೈಯಲ್ಲಿ ಉಳಿದಿದ್ದದ್ದು ಎರಡೇ ಗಾಜಿನ ಪ್ಲೇಟು. ಒಂದನ್ನು ಹಳದಿ ಫಿಲ್ಟರಿನಲ್ಲಿ ತೆಗೆದ ಮೇಲೆ, ಆಕಾಶ ತಮ್ಮ ಮನಸ್ಸಿನಲ್ಲಿದ್ದಷ್ಟು ಕಪ್ಪಾಗದು ಎನ್ನಿಸಿ ಕೊನೆಯದಕ್ಕೆ ಕಡುಗೆಂಪು ಫಿಲ್ಟರ್ ಹಾಕಿದರು. ಹೆಸರು ತಂದದ್ದು ಈ ಎರಡನೆಯದು. ನಮ್ಮ ಕಾರ್ಡಿನಲ್ಲಿ ಸಾವಿರಾರು ಚಿತ್ರಗಳಿಗೆ ಜಾಗವಿದೆ, ಆದ್ದರಿಂದ ಯೋಚನೆ ಮಾತ್ರ ಸದಾ ನಾಳೆಗೆ.

ಇನ್ನು ಹಕ್ಕಿಯ ಪ್ರಶ್ನೆ. ಫೋಕಸ್ ರಿಂಗ್ ತಿರುಗಿಸುವಷ್ಟರಲ್ಲಿ ಹಕ್ಕಿ ಪಕ್ಕದ ತಾಲ್ಲೂಕಿಗೆ ಹೋಗಿರುತ್ತದೆ ಎನ್ನುವವರ ಮಾತು ಅರ್ಧ ನಿಜ. ಹಳೇ ಲೆನ್ಸಿನವರ ಸಂಗ್ರಹದಲ್ಲಿ ಬಂಡೆ, ಬೇರು, ಹುತ್ತಗಳೇ ತುಂಬಿರುವುದಕ್ಕೆ ಕಾರಣ ಸೌಂದರ್ಯಪ್ರಜ್ಞೆಯೊಂದೇ ಅಲ್ಲ. ಅವು ಎದ್ದು ಹೋಗುವುದಿಲ್ಲ. ಆದರೆ ಆಟೋಫೋಕಸ್ ಎಸ್‌ಎಲ್‌ಆರ್ ಮನೆಮಾತಾದದ್ದೇ 1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ. ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅಷ್ಟರೊಳಗೆ ವನ್ಯಜೀವಿ ಚಿತ್ರಗಳಿಗೆ ಹೆಸರಾಗಿದ್ದರು. ಹಕ್ಕಿ ಬಂದು ಕೂರುವ ಕೊಂಬೆ ಯಾವುದೆಂದು ಗೊತ್ತುಮಾಡಿಕೊಂಡು, ಅದಕ್ಕೆ ಮೊದಲೇ ಫೋಕಸ್ ಹಿಡಿದು ಕಾಯುವುದು ಆ ಕಾಲದ ಉಪಾಯ. ಅಂದಮೇಲೆ ತಡವಾಗುವುದು ಲೆನ್ಸಿನಿಂದಲ್ಲ, ಹಕ್ಕಿಯ ದಿನಚರಿ ಗೊತ್ತಿಲ್ಲದ್ದರಿಂದ.

ಒಂದು ಕುಂದಿನ ವಿಷಯದಲ್ಲಿ ಮಾತ್ರ ನನ್ನ ವಕಾಲತ್ತು ನಡೆಯುವುದಿಲ್ಲ: ಬೂಷ್ಟು. ಮಲೆನಾಡಿನ ಒಂದು ಮಳೆಗಾಲ ಸಾಕು, ಗಾಜಿನೊಳಗೆ ಜೇಡರ ಬಲೆಯಂಥದ್ದು ಹಬ್ಬಲು. ಅದು ಹೆಚ್ಚಾದರೆ ಕಪ್ಪು ಕಪ್ಪಾಗಿರದು, ಬಿಳುಪು ಬಿಳುಪಾಗಿರದು; ಎಲ್ಲಕ್ಕೂ ಬೂದಿ ಎರಚಿದಂತೆ. ಮಾರುವವರು ‘ಫೋಟೋದಲ್ಲಿ ಏನೂ ಕಾಣಲ್ಲ ಸಾರ್’ ಎನ್ನುತ್ತಾರೆ. ಬೂಷ್ಟು ಬಹಳವಿದ್ದರೆ ಆ ಮಾತು ಅಕ್ಷರಶಃ ಸತ್ಯ.