ಅವರೆಕಾಲದ ಟೈರು

ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಅತಿ ಹೆಚ್ಚು ಚಳಿಯ ದಿನವೆಂದು ಇರುವುದು 1884ರ ಜನವರಿ 13. ಅಂದು ಉಷ್ಣಾಂಶ 7.8 ಡಿಗ್ರಿಗೆ ಇಳಿದಿತ್ತು. ಆಮೇಲೆ ಈ ಊರು ಅಷ್ಟು ನಡುಗಿದ್ದೇ ಇಲ್ಲ. ಕಾರ್ಲ್ ಬೆಂಜ್ ತನ್ನ ಮೋಟಾರು ಬಂಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಡನ್‌ಲಪ್ ಸಾಹೇಬ ಗಾಳಿ ತುಂಬಿದ ಟೈರು ಮಾಡಿದ್ದು 1888ರಲ್ಲಿ. ಅಂದರೆ ಚಳಿ ಬಂದಾಗ ಕಾರೂ ಇರಲಿಲ್ಲ, ಟೈರೂ ಇರಲಿಲ್ಲ. ಅವೆರಡೂ ಬರುವಷ್ಟರಲ್ಲಿ ಚಳಿ ಜಾಗ ಖಾಲಿ ಮಾಡಿತ್ತು. ಚಳಿಗಾಲದ ಟೈರು ಮಾಡುವವರು ಹೇಳುವ ಲೆಕ್ಕ ಏಳು ಡಿಗ್ರಿ. ಅದಕ್ಕಿಂತ ಕೆಳಗಿಳಿದರೆ ಮಾಮೂಲಿ ಟೈರಿನ ರಬ್ಬರು ಗಡುಸಾಗಿ ಹಿಡಿತ ಬಿಡುತ್ತದಂತೆ. ನಮಗೆ ಇನ್ನೂ ಮುಕ್ಕಾಲು ಡಿಗ್ರಿಗಿಂತ ಹೆಚ್ಚೇ ಬಾಕಿ ಇದೆ. ನೂರನಲವತ್ತು ವರ್ಷ ಕಾದಿದ್ದೇವೆ, ಇನ್ನೂ ಕಾಯೋಣ.

ಮ್ಯೂನಿಕ್‌ನಲ್ಲಿರುವ ಅಕ್ಕನ ಮಗ ಮಾತ್ರ ಕಾಯುವ ಪೈಕಿ ಅಲ್ಲ. ಡಿಸೆಂಬರಿನಲ್ಲಿ ಫೋನು ಮಾಡಿದರೆ ಮೊದಲ ಪ್ರಶ್ನೆಯೇ, “ಮಾಮ, ಬೆಂಗಳೂರಲ್ಲೂ ಚಳಿಯಂತೆ, ಟೈರು ಬದಲಾಯಿಸಿದ್ರಾ?” ಅಲ್ಲಿ ಹಿಮ ಬಿದ್ದ ರಸ್ತೆಗೆ ಚಳಿಗಾಲದ ಟೈರಿಲ್ಲದೆ ಇಳಿದರೆ ಅರವತ್ತು ಯೂರೋ ದಂಡ. ಟೈರಿನ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹೂವು, ಈ ಗುರುತು ಇರಲೇಬೇಕು. ಅಕ್ಟೋಬರಿನಲ್ಲಿ ಹಾಕಿಸಿ ಈಸ್ಟರ್‌ಗೆ ಬಿಚ್ಚಿಸುವುದು ಜರ್ಮನಿಯ ರೂಢಿ. ನಮ್ಮ ಲೆಕ್ಕದಲ್ಲಿ ನವರಾತ್ರಿಗೆ ಹಾಕಿ ಯುಗಾದಿಗೆ ತೆಗೆಯುವುದು ಅನ್ನಬಹುದು. ಬಿಚ್ಚಿದ ಟೈರುಗಳನ್ನು ಬಾಡಿಗೆಗೆ ಇಟ್ಟುಕೊಳ್ಳಲು ಬೇರೆ ಕಡೆ ಏರ್ಪಾಡಿದೆಯಂತೆ. ಬಾಡಿಗೆ ಮನೆಯ ಕಷ್ಟ ಟೈರಿಗೂ ತಪ್ಪಿದ್ದಲ್ಲ.

“ನಮ್ಮಲ್ಲಿ ಚಳಿ ಅಂದ್ರೆ ಕಿವಿಗೆ ಮಫ್ಲರ್ ಸುತ್ತಿಕೊಳ್ಳೋದು ಕಣೋ, ಕಾರಿಗಲ್ಲ” ಅಂದೆ. ಅಷ್ಟಕ್ಕೆ ಬಿಡುವವನಲ್ಲ ಅವನು. ಚಳಿಗಾಲದ ಆ ಮೆತ್ತನೆ ರಬ್ಬರಿನ ಟೈರನ್ನು ಇಲ್ಲಿಗೇ ತರಿಸಿ ಹಾಕಿಸಿದರೂ, 2016ರ ಏಪ್ರಿಲ್ 24ರಂದು ಈ ಊರು ಕಂಡ 39.2 ಡಿಗ್ರಿಯಂಥ ಬಿಸಿಲಲ್ಲಿ ಅದು ಉಜ್ಜುವ ರಬ್ಬರಿನಂತೆ ಸವೆದುಹೋಗುತ್ತದೆ ಎಂದು ವಿವರಿಸಿದ ಮೇಲೆ ಸುಮ್ಮನಾದ.

ಹಾಗಂತ ನಾವಿರುವ ಶ್ರೀಗಂಧದ ಕಾವಲಿಗೆ ಚಳಿಗಾಲವೇ ಇಲ್ಲವೆಂದಲ್ಲ. ಮಾಗಡಿ ಕಡೆಯ ಸೊಗಡಿನ ಅವರೆಕಾಯಿ ಮೂಟೆ ಮೂಟೆಯಾಗಿ ಮಾಗಡಿ ರಸ್ತೆಯಲ್ಲಿ ಬರತೊಡಗಿದರೆ ಇಲ್ಲಿ ಚಳಿಗಾಲ ಶುರು. ಸಂಜೆ ಅಂಗಳದಲ್ಲಿ ಕೂತು ಬಿಡಿಸುತ್ತಾರೆ, ಸಿಪ್ಪೆ ಬೀದಿಗೆ ಬೀಳುತ್ತದೆ. ತುಳಿದಷ್ಟೂ ಸಾರಿಗೆ ರುಚಿ ಎಂಬುದು ನಮ್ಮತ್ತೆಯ ಸಿದ್ಧಾಂತ. ಇದರ ಮೇಲೆ ಬಂಗಾಳ ಕೊಲ್ಲಿಯ ಮಳೆ. 2024ರ ನವೆಂಬರ್ ಕೊನೆಗೆ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಸೇರಿತು, ಜಿಟಿಜಿಟಿ ಮಾತ್ರ ನಮ್ಮ ಪಾಲಿಗೂ ಬಂತು. ಒದ್ದೆ ಡಾಂಬರು, ಅದರ ಮೇಲೆ ಅವರೆ ಸಿಪ್ಪೆ, ಅದರ ಮೇಲೆ ಬೋಳು ಟೈರು. ಮ್ಯೂನಿಕ್‌ನಲ್ಲಿ ಇಂಥ ಪರೀಕ್ಷೆ ಯಾರೂ ಮಾಡಿರಲಾರರು. ಗುಂಡಿಗಳ ವಿಷಯ ಎತ್ತುವುದೇ ಬೇಡ. ಸುಮನಹಳ್ಳಿ ಮೇಲ್ಸೇತುವೆಗೇ 2019ರಲ್ಲೊಮ್ಮೆ, 2022ರಲ್ಲೊಮ್ಮೆ ತೂತು ಬಿದ್ದಿತ್ತು. ನೆಲದ ಮೇಲಿನ ರಸ್ತೆಯನ್ನು ಯಾವ ಬಾಯಲ್ಲಿ ಬೈಯುವುದು?

ನಮ್ಮದು ಹಳೇ ಸ್ವಿಫ್ಟ್, ಟೈರು 165/80 ಆರ್14. ಅಗಲ 165 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ನೂರಕ್ಕೆ ಎಂಬತ್ತು, ರಿಮ್ಮು ಹದಿನಾಲ್ಕು ಇಂಚು. ಗೀರುಗಳ ನಡುವೆ ತಳದಲ್ಲಿ ಸಣ್ಣ ಸಣ್ಣ ಉಬ್ಬುಗಳಿರುತ್ತವೆ, ಅವುಗಳ ಎತ್ತರ 1.6 ಮಿಲಿಮೀಟರ್. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಕಥೆ ಮುಗಿದಂತೆ. ಕಾನೂನೂ ಒಪ್ಪುವುದಿಲ್ಲ, ಮಳೆಯ ನೀರೂ ಪಕ್ಕಕ್ಕೆ ಸರಿಯುವುದಿಲ್ಲ. ನಮ್ಮ ಕಾರಿನ ಎರಡು ಟೈರು ಆ ಮಟ್ಟ ಮುಟ್ಟಿದ್ದವು. ಇನ್ನೆರಡಕ್ಕೆ ಇನ್ನೂ ಒಂದು ಮಳೆಗಾಲದ ಜೀವ ಇತ್ತು.

ಟೈರಂಗಡಿಯವರು ಸ್ಟೂಲು ಎಳೆದು ಕೂರಿಸಿ, ಮೊದಲು ಟೀ ತರಿಸಿದರು. ಟೀ ಬಂದರೆ ಬೆಲೆ ಇಳಿಯುವುದಿಲ್ಲ ಎಂಬುದು ನನ್ನ ಅನುಭವ. “ಎಂಆರ್‌ಎಫ್ ಹಾಕ್ಸಿ ಸಾರ್, ಕಣ್ಮುಚ್ಕೊಂಡು ಓಡಿಸ್ಬೋದು” ಅಂದರು. ಈ ಊರಲ್ಲಿ ಈಗಾಗಲೇ ಬಹಳ ಜನ ಹಾಗೆಯೇ ಓಡಿಸುತ್ತಿದ್ದಾರೆ. 1946ರಲ್ಲಿ ಮದರಾಸಿನಲ್ಲಿ ಮಕ್ಕಳ ಬಲೂನು ಮಾಡಿ ಶುರುವಾದ ಕಂಪನಿ ಅದು. 2023ರ ಜೂನಿನಲ್ಲಿ ಅದರ ಒಂದೊಂದು ಷೇರು ಲಕ್ಷ ರೂಪಾಯಿ ದಾಟಿತು. ಆ ಒಂದು ಷೇರಿನ ದುಡ್ಡಲ್ಲಿ ನನ್ನಂಥವರ ನಾಲ್ಕೈದು ಕಾರಿಗೆ ಪೂರಾ ಟೈರು ಹಾಕಿಸಬಹುದು. ನನಗೆ ಮಾತ್ರ ಮೈಸೂರಿನ ವಿಕ್ರಾಂತ್ ಮೇಲೆ ಮಮತೆ, ನಮ್ಮೂರ ಕಡೆಯದ್ದು ಅಂತ. ಅದೂ 1997ರಲ್ಲಿ ಜೆಕೆ ಟೈರ್ ಕೈಸೇರಿತು.

“ಕಡಿಮೇದು ಬೇಕಾ ಸಾರ್, ಇದೆ” ಎಂದು ಒಳಗಿನಿಂದ ಒಂದನ್ನು ಉರುಳಿಸಿಕೊಂಡು ಬಂದರು. ಒಂದಕ್ಕೆ ಎಂಟುನೂರು ರೂಪಾಯಿ ಉಳಿತಾಯ! ನಾನು ಬಗ್ಗಿ ಪಕ್ಕೆ ನೋಡಿದೆ. ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಹುಟ್ಟಿದ ವಾರ ಮತ್ತು ವರ್ಷ. ಅಲ್ಲಿ 3220 ಅಂತಿತ್ತು, 2020ರ ಮೂವತ್ತೆರಡನೇ ವಾರ. “ಇದು ಕೊರೊನಾ ಕಾಲದ್ದಲ್ರೀ?” ಅಂದೆ. “ಓಡೇ ಇಲ್ಲ ಸಾರ್, ಹೊಸದು” ಅಂದರು. ಓಡದೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಗಡುಸಾಗಿ ಬಿರುಕು ಬಿಡುತ್ತದೆ. ಜರ್ಮನಿಯ ಚಳಿ ಮಾಡುವ ಕೆಲಸವನ್ನು ನಮ್ಮಲ್ಲಿ ಗೋಡೌನು ಮಾಡುತ್ತದೆ, ಅಷ್ಟೇ. ಹಳೇ ಸ್ಟಾಕು ಒಳಕ್ಕೆ ಉರುಳಿತು. ಇದೇ ವರ್ಷದ್ದು, ನಡುವಿನ ಬೆಲೆಯದ್ದು ಎರಡು ಬಂದವು.

ಎರಡೇ ಹೊಸದಾದರೆ ಮುಂದಕ್ಕೋ ಹಿಂದಕ್ಕೋ? ಅಂಗಡಿಯವರು ಮುಂದಕ್ಕೆ ಅಂದರು, ಇಂಜಿನ್ನು ಮುಂದಿದೆಯಲ್ಲ. ಟೈರು ಕಂಪನಿಗಳವರು ಹಿಂದಕ್ಕೆ ಅನ್ನುತ್ತಾರೆ: ಒದ್ದೆ ರಸ್ತೆಯಲ್ಲಿ ಮುಂದಿನದು ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ಆಕ್ಸಿಲರೇಟರ್ ಸಡಿಲಿಸಿ ಹೇಗೋ ನಿಭಾಯಿಸಬಹುದು, ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ. ಕೆಲಸದ ಹುಡುಗ ಜಾಕು ಹಿಡಿದು ನಮ್ಮಿಬ್ಬರ ಮುಖ ನೋಡುತ್ತ ನಿಂತಿದ್ದ. ಕೊನೆಗೆ ಹಿಂದಕ್ಕೇ ಆಯಿತು. ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಸೇರಿ ಬಿಲ್ಲು ಬೆಳೆಯಿತು. ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ನೋಡಿಸಬೇಕೆಂದು ಹುಡುಗ ಎಚ್ಚರಿಸಿದ. ಹತ್ತು ಡಿಗ್ರಿ ಕಡಿಮೆಯಾದರೆ ಎರಡು ಪಾಯಿಂಟ್‌ನಷ್ಟು ಇಳಿಯುತ್ತದಂತೆ. ಧನುರ್ಮಾಸದಲ್ಲಿ ದೇವಸ್ಥಾನದ ಪೊಂಗಲಿಗೆ ಹೇಗೂ ಬೇಗ ಏಳುವುದಿದೆ.

ಮನೆ ಮುಂದೆ ಅತ್ತೆ ಆರತಿ ತಟ್ಟೆ ಹಿಡಿದು ಸಿದ್ಧವಾಗಿದ್ದರು. ಎರಡೇ ಟೈರು ಹೊಸದೆಂದು ತಿಳಿದದ್ದೇ ತಟ್ಟೆಯಲ್ಲಿದ್ದ ನಾಲ್ಕು ನಿಂಬೆಹಣ್ಣಿನಲ್ಲಿ ಎರಡನ್ನು ತೆಗೆದು ಸೆರಗಿಗೆ ಕಟ್ಟಿಕೊಂಡರು. ಉಳಿದೆರಡನ್ನು ಮುಂದಿನ ಚಕ್ರಗಳ ಕೆಳಗಿಟ್ಟರು.

“ಅತ್ತೆ, ಹೊಸದು ಹಾಕ್ಸಿರೋದು ಹಿಂದೆ” ಅಂದೆ.

“ಇರಲಿ ಬಿಡಿ. ನಿಂಬೆಹಣ್ಣು ಎಲ್ಲಾದ್ರೂ ಹಿಂದಕ್ಕಿಡೋದು ಉಂಟೇ?”

“ರೀ, ಬೇಗ ಗಾಡಿ ತೆಗೀರಿ, ಹಿಂದೆ ಹಾಲಿನ ವ್ಯಾನು ಹಾರ್ನ್ ಹೊಡೀತಿದೆ” ಎಂದಳು ಹೆಂಡತಿ. ತೆಗೆದೆ. ಸವೆದ ಟೈರುಗಳು ಎರಡು ನಿಂಬೆಹಣ್ಣನ್ನೂ ಹದವಾಗಿ ಹಿಂಡಿದವು. ಸೆರಗಿನ ಎರಡು ಮರುದಿನದ ಚಿತ್ರಾನ್ನಕ್ಕಾದವು.