ನೀರಿನ ಕಡೆಯ ಕೋಣೆ

ಭಾಲ್ಕಿ ತಾಲ್ಲೂಕಿನ ಸಾಯಗಾಂವ ಹೋಬಳಿಯಲ್ಲಿ ಹೊಳೆದಂಡೆಯ ಜಾಗಕ್ಕೆ ಯಾರೂ ಹೆಚ್ಚಿಗೆ ರೊಕ್ಕ ಕೊಡುವುದಿಲ್ಲ. ಮಹಾರಾಷ್ಟ್ರದ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ ಬರುವ ಮಾಂಜ್ರಾ ಬೇಸಿಗೆಯಲ್ಲಿ ಬಡಕಲಾಗಿ ಬಿದ್ದಿರುತ್ತದೆ. ಮಳೆಗಾಲದಲ್ಲಿ ಮೇಲಿನ ಧನೇಗಾಂವ ಅಣೆಕಟ್ಟಿನ ಗೇಟು ಎತ್ತಿದರೆಂದರೆ ಕಬ್ಬು, ಸೋಯಾ, ತೊಗರಿ ಎಂದು ನೋಡದೆ ಹೊಲಕ್ಕೆ ನುಗ್ಗುತ್ತದೆ. ದಂಡೆಯಲ್ಲಿ ಮನೆ ಇದ್ದವರನ್ನು ಕಂಡರೆ ಉಳಿದವರಿಗೆ ಅಯ್ಯೋ ಪಾಪ. ಹೋಟೆಲಿನಲ್ಲಿ ನೀರು ಕಾಣುವ ಕೋಣೆಗೆ ನೀರು ಕಾಣದ ಕೋಣೆಗಿಂತ ಬಾಡಿಗೆ ಜಾಸ್ತಿ ಎಂಬ ಸುದ್ದಿ ಇಂಥ ಸೀಮೆಯ ನಿವೃತ್ತ ಮಾಸ್ತರರೊಬ್ಬರ ಮನೆಗೆ ಮುಟ್ಟಿದಾಗ, ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮನೆಯವರು ಮಾತ್ರ ನೇರವಾಗಿ ಕೇಳಿದರು: “ಹೊಳಿ ದಂಡಿಗಿ ಮನಿ ಇದ್ದೋರು ಮಳಿಗಾಲ್ದಾಗ ಗುಡ್ಯಾಗ ಬಂದು ಮಲಗ್ತಾರ. ಅಲ್ಲೇ ಹೋಗಿ ಮಲಗ್ಲಾಕ ನಾವು ಮ್ಯಾಲ ರೊಕ್ಕ ಕೊಡ್ಬೇಕಾ?”

ಸುದ್ದಿ ತಂದವನು ಪುಣೆಯಲ್ಲಿ ನೌಕರಿ ಮಾಡುವ ಮಗ. ಅಪ್ಪ-ಅವ್ವನ ಮದುವೆಯಾಗಿ ಮೇ ತಿಂಗಳಿಗೆ ನಲವತ್ತು ವರ್ಷ. ಇಬ್ಬರೂ ಎರಡು ದಿನ ಸಮುದ್ರದ ಬದಿಯ ದೊಡ್ಡ ಹೋಟೆಲಿನಲ್ಲಿ ಇದ್ದು ಬರಲಿ ಎಂಬುದು ಅವನ ಆಸೆ. ರೆಸಾರ್ಟು ಬೇಡ ಎಂದು ಮಾಸ್ತರರು ಮೊದಲೇ ಹೇಳಿಬಿಟ್ಟಿದ್ದರು. ಸುತ್ತ ಯಾರೂ ಇಲ್ಲದ ಕಡೆ ಕೂರಲು ಸಾವಿರಾರು ರೂಪಾಯಿ ಯಾಕೆ, ತಮ್ಮ ಹೊಲದಲ್ಲೇ ಕೂರಬಹುದಲ್ಲ? ಊರು ಬೇಕು, ಸಂತೆ ಬೇಕು, ಜನ ಓಡಾಡಬೇಕು, ಅದರ ನಡುವೆ ನೀರೂ ಇರಬೇಕು. ಬೇಡಿಕೆ ಸಣ್ಣದೇನಲ್ಲ.

ಮೊದಲು ಬಂದ ಹೆಸರು ಮುಂಬಯಿ. ಬೀದರದಿಂದ ನೇರ ರೈಲಿದೆ, ಭಾಲ್ಕಿಯಲ್ಲೇ ಹತ್ತಬಹುದು. ಅಪೊಲೊ ಬಂದರಿನ ತಾಜ್ ಮಹಲ್ ಹೋಟೆಲಿನ ಫೋಟೊ ನೋಡಿದ ಕೂಡಲೇ ಮಾಸ್ತರರೊಳಗಿನ ಇತಿಹಾಸದ ಪಾಠ ಎದ್ದು ಕೂತಿತು. ಜಮ್‌ಶೇಟ್‌ಜಿ ಟಾಟಾ ಕಟ್ಟಿಸಿದ ಆ ಹೋಟೆಲು 1903ರ ಡಿಸೆಂಬರ್ 16ರಂದು ತೆರೆಯಿತು. ಎದುರಿನ ಗೇಟ್‌ವೇ ಆಫ್ ಇಂಡಿಯಾ ಮುಗಿದದ್ದು 1924ರಲ್ಲಿ. ಇಪ್ಪತ್ತೊಂದು ವರ್ಷ ಆ ಕೋಣೆಗಳಿಂದ ಬರೀ ನೀರು ಕಾಣುತ್ತಿತ್ತು, ಆಮೇಲೆ ನೀರಿಗೆ ಅಡ್ಡ ಒಂದು ಕಮಾನು ನಿಂತಿತು. ಈಗ ಕಮಾನು ಕಾಣುವ ಕೋಣೆಗೇ ಬೇಡಿಕೆ. ಅಲ್ಲಿಂದ ಕೊಲಾಬಾ ಕಾಸ್‌ವೇಯ ಗದ್ದಲ ಹೆಜ್ಜೆ ದೂರ, 1875ರ ಸಸೂನ್ ಡಾಕಿನ ಮೀನು ಹರಾಜು ಇನ್ನೊಂದಿಷ್ಟು ಮುಂದೆ. ಮಾಸ್ತರರು ಕೇಳಿದ್ದೆಲ್ಲ ಒಂದೇ ಕಡೆ ಸಿಕ್ಕಿತ್ತು.

ತಪ್ಪಿಸಿದ್ದು ಬಾಡಿಗೆಯಲ್ಲ, ಬೀಗರು. ಮಗಳನ್ನು ಕೊಟ್ಟ ಮನೆ ಮುಂಬಯಿ ಪಕ್ಕದ ಕಲ್ಯಾಣದಲ್ಲಿ. “ಬೀಗರು ಕಲ್ಯಾಣದಾಗ ಇರ್ವಾಗ ನೀವು ಹೋಟೆಲ್ದಾಗ ಇಳಿದ್ರ, ನಾಳಿ ಮಂದಿ ಏನಂತಾರ?” ಎಂಬ ಪ್ರಶ್ನೆಗೆ ಮಗನ ಬಳಿ ಉತ್ತರವಿರಲಿಲ್ಲ. ಹೋಟೆಲು ಹುಡುಕುವ ಯಾವ ಆ್ಯಪಿನಲ್ಲೂ ‘ಸಂಬಂಧಿಕರಿಲ್ಲದ ಊರು’ ಎಂಬ ಗುಂಡಿ ಇಲ್ಲ. ಇಟ್ಟರೆ ಉತ್ತರ ಕರ್ನಾಟಕದಿಂದಲೇ ಅರ್ಧ ವ್ಯಾಪಾರ ಬಂದೀತು. ಹೀಗಾಗಿ ಬೀಗರು, ಭಾವ, ಸೋದರಮಾವ ಯಾರೂ ಇಲ್ಲದ ಊರು ಹುಡುಕುತ್ತ ರಾಜ್ಯದ ಈ ತುದಿಯಿಂದ ಆ ತುದಿಗೆ ಹೋಗಬೇಕಾಯಿತು. ಬೀದರದಿಂದ ಬೆಂಗಳೂರಿಗೆ ಒಂದು ರಾತ್ರಿ, ಅಲ್ಲಿಂದ ಇನ್ನೊಂದು ರಾತ್ರಿ. ಮಂಗಳೂರು ಗೊತ್ತಾಯಿತು.

ಮಂಗಳೂರು ಗುಡ್ಡದ ಮೇಲೆ ಬೆಳೆದ ಊರು. ದೊಡ್ಡ ಹೋಟೆಲುಗಳಲ್ಲಿ ಬಹುಪಾಲು ಬಲ್ಮಠ, ಕೊಡಿಯಾಲ್‌ಬೈಲು, ಹಂಪನಕಟ್ಟೆಯ ಆಸುಪಾಸು ಇವೆ. ನೀರು ಇರುವುದು ಕೆಳಗೆ, ಬಂದರಿನಲ್ಲಿ. ಅಲ್ಲಿನ ಹಳೆ ಬಂದರು ರಸ್ತೆಯಲ್ಲೇ ತಾಜ್ ಗುಂಪಿನವರದ್ದೂ ಒಂದು ಹೋಟೆಲಿದೆ. ಅದು ಮೊದಲು ತಾಜ್ ಮಂಜರುನ್, ನಂತರ ಗೇಟ್‌ವೇ, ಈಗ ವಿವಾಂತ. ರಿಕ್ಷಾದವರಿಗೆ ಯಾವ ಹೆಸರು ಹೇಳಿದರೂ ಒಂದೇ ಬಾಗಿಲಿಗೆ ಒಯ್ಯುತ್ತಾರೆ. ನಮ್ಮ ದಂಪತಿ ಇಳಿದ ಹೋಟೆಲಿನ ಹೆಸರು ಇಲ್ಲಿ ಬೇಡ. ಅದು ನೀರಿನ ಕಡೆ ಮುಖ ಮಾಡಿತ್ತು ಎಂದರೆ ಸಾಕು.

ಬುಕಿಂಗ್ ಮಾಡುವಾಗ ಮಾಸ್ತರರ ಲೆಕ್ಕ ಶುರುವಾಯಿತು. ಐಷಾರಾಮ ಎಲ್ಲಿಂದ ಆರಂಭ ಎಂಬುದಕ್ಕೆ ಹೋಟೆಲಿನವರು ನೂರು ವಿವರಣೆ ಕೊಡಬಹುದು. ಸರ್ಕಾರದ್ದು ಒಂದೇ ಸಂಖ್ಯೆ, 7,500 ರೂಪಾಯಿ. ದಿನದ ಬಾಡಿಗೆ ಅಷ್ಟರೊಳಗಿದ್ದರೆ ಜಿಎಸ್‌ಟಿ ನೂರಕ್ಕೆ 5, ಒಂದು ರೂಪಾಯಿ ದಾಟಿದರೆ 18. ಒಳಗಿನ ದರ 12ರಿಂದ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ. ಅಂದರೆ 7,500ರ ಕೋಣೆಗೆ ತೆರಿಗೆ ಸೇರಿ 7,875. 7,600ರ ಕೋಣೆಗೆ 8,968. ಕೋಣೆ ನೂರು ರೂಪಾಯಿ ಮೇಲಾದರೆ ಬಿಲ್ಲು 1,093 ರೂಪಾಯಿ ಮೇಲೆ. “ಈ ನೂರು ರೂಪಾಯ್ದಾಗ ಏನ್ ಹೆಚ್ಚಿಗಿ ಕೊಡ್ತಾರ?” ಎಂದು ಅವರು ಫೋನಿನಲ್ಲಿ ಕೇಳಿದರು. “ಸೀ ವ್ಯೂ ಅಪ್ಪಾ,” ಎಂದ ಮಗ.

ಈ ಸೀ ವ್ಯೂ ಎಂಬುದನ್ನು ಮಂಗಳೂರಿನ ಬಂದರಿನಲ್ಲಿ ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಕಿಟಕಿಯ ಎದುರು ಮೊದಲು ಕಾಣುವುದು ಸಮುದ್ರವಲ್ಲ, ಗುರುಪುರ ನದಿ. ಫಲ್ಗುಣಿ ಎಂದೂ ಕರೆಯುವ ಈ ಹೊಳೆ ಕಡಲ ಹತ್ತಿರ ಬಂದದ್ದೇ ನೇರ ಒಳಗೆ ಬೀಳದೆ, ದಡಕ್ಕೆ ಸಮಾನಾಂತರವಾಗಿ ತೆಂಕಣಕ್ಕೆ ಹರಿದು, ನೇತ್ರಾವತಿಯನ್ನು ಕೂಡಿಕೊಂಡು ಅಳಿವೆಯಲ್ಲಿ ಸೇರುತ್ತದೆ. ಹೊಳೆಗೂ ಕಡಲಿಗೂ ನಡುವೆ ಮರಳಿನ ಉದ್ದನೆಯ ಪಟ್ಟಿ, ಅದೇ ಬೆಂಗ್ರೆ. ಅದರ ಮೇಲೆ ತೆಂಗಿನ ಮರಗಳು, ಮನೆಗಳು, ಮಸೀದಿ, ದೈವಸ್ಥಾನ, ಒಣಗಲು ಹಾಕಿದ ಬಲೆ. ಅದರ ಆಚೆ, ತೆಂಗಿನ ಗರಿಗಳ ಸಂದಿಯಲ್ಲಿ ಅರಬ್ಬೀ ಸಮುದ್ರ. ಮಾಸ್ತರರು ಸಮುದ್ರವನ್ನು ಹುಡುಕಿಕೊಳ್ಳಲು ಕುರ್ಚಿಯನ್ನು ಮೂರು ಸಲ ಸರಿಸಿದರು. ಆದರೆ ಬೇಸರಪಡಲಿಲ್ಲ. ಬರೀ ಸಮುದ್ರವಾಗಿದ್ದರೆ ಅರ್ಧ ಗಂಟೆಯಲ್ಲಿ ನೋಡಿ ಮುಗಿಯುತ್ತಿತ್ತು. ಹೊಳೆಯ ಮೇಲೆ ದೋಣಿ ಹೋಗುತ್ತಲೇ ಇರುತ್ತವೆ, ಬರುತ್ತಲೇ ಇರುತ್ತವೆ.

ಕೌಂಟರಿನಲ್ಲಿ ಆಧಾರ್ ಕಾರ್ಡು ಕೇಳಿದರು, ಆಮೇಲೆ ಮುಂಗಡ ತಡೆಹಿಡಿಯಲು ಬ್ಯಾಂಕಿನ ಕಾರ್ಡು ಕೇಳಿದರು. ಮನೆಯವರ ಹುಬ್ಬು ಏರಿತು. ಮಾಸ್ತರರಿಗೆ ನೆನಪಾದದ್ದು ಇಬ್ನ್ ಬತೂತ. ಹದಿನಾಲ್ಕನೆಯ ಶತಮಾನದಲ್ಲಿ ಆ ಮೊರೊಕ್ಕೋದ ಪ್ರವಾಸಿ ಇದೇ ಅಳಿವೆಗೆ ಬಂದಿದ್ದ. ಫಾರಸ್ ಮತ್ತು ಯೆಮನ್ ದೇಶದ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಮೆಣಸು-ಶುಂಠಿ ಹೇರಳ ಎಂದು ಬರೆದ. ಊರಿನ ಖಾಜಿ ಹಡಗಿಗೇ ಬಂದು ನಮ್ಮಲ್ಲಿ ಉಳಿಯಿರಿ ಎಂದು ಕರೆದರೂ ಇಳಿಯಲಿಲ್ಲ. ರಾಜನು ತನ್ನ ಮಗನನ್ನು ಹಡಗಿಗೆ ಕಳಿಸಲಿ, ಆಮೇಲೆ ನೋಡೋಣ ಎಂದ. ರಾಜ ಕಳಿಸಿದ, ಅತಿಥಿ ಮೂರು ದಿನ ಇದ್ದು ಉಪಚಾರ ಮಾಡಿಸಿಕೊಂಡು ಹೋದ. ಆಗ ಮುಂಗಡ ಕೊಡುತ್ತಿದ್ದದ್ದು ಆತಿಥೇಯ, ಈಗ ಅತಿಥಿ. ಆತಿಥ್ಯೋದ್ಯಮ ಎಷ್ಟು ದೂರ ಬಂದಿದೆ ನೋಡಿ.

ಬೀದರಿಗೂ ಇಂಥ ಒಬ್ಬ ಗಿರಾಕಿ ಬಂದಿದ್ದ. ಹದಿನೈದನೆಯ ಶತಮಾನದ ರಷ್ಯನ್ ವ್ಯಾಪಾರಿ ಅಫನಾಸಿ ನಿಕಿತಿನ್ ಚೌಲ್ ಬಂದರಿನಲ್ಲಿ ಇಳಿದು, ಜುನ್ನರಿನಲ್ಲಿ ಅಲ್ಲಿನ ಖಾನನ ಕೈಯಲ್ಲಿ ಕುದುರೆ ಕಳೆದುಕೊಂಡು, ಮರಳಿ ಪಡೆದು, ಬಹಮನಿಗಳ ಬೀದರಿಗೆ ಬಂದು ಅದನ್ನು ಮಾರಿದ. ಪರದೇಶಿ ವ್ಯಾಪಾರಿಗಳು ಇಲ್ಲಿ ಛತ್ರಗಳಲ್ಲಿ ಇಳಿಯುತ್ತಾರೆ, ಅಡುಗೆ ಮಾಡಿ ಹಾಸಿಗೆ ಹಾಸಿಕೊಡುವವಳು ಮನೆಯೊಡತಿ ಎಂದೂ ಬರೆದಿಟ್ಟ. ಅವನು ಬರೆದ ಇನ್ನೊಂದೆರಡು ವಿವರಗಳನ್ನು ಮಾಸ್ತರರು ತರಗತಿಯಲ್ಲಿ ಹೇಳುತ್ತಿರಲಿಲ್ಲ. ಲಿಫ್ಟಿನಲ್ಲಿ ಮನೆಯವರಿಗೂ ಹೇಳಲಿಲ್ಲ.

ಹೋಟೆಲಿನ ಫಲಕಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಸೂಟಿನ ಹುಡುಗನ ಮಾತೂ ಇಂಗ್ಲಿಷಿನಲ್ಲೇ ಶುರುವಾಯಿತು. “ಕನ್ನಡ ಬರ್ತದೇನಪಾ?” ಎಂದದ್ದೇ ತಡ, ಅವನು ನಿರಾಳವಾಗಿ “ಬರ್ತದೆ ಸಾರ್, ಎಂತ ಬೇಕಿತ್ತು?” ಎಂದ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದರು. ಆ ಉಪಾಯ ಹೋಟೆಲಿನವರಿಗೆ ಯಾರು ಹೇಳಿಕೊಟ್ಟರೋ ಎಂದು ಮಾಸ್ತರರು ನಕ್ಕರು.

ಇಂಥ ಹೋಟೆಲುಗಳ ಕಿಟಕಿ ಸಾಮಾನ್ಯವಾಗಿ ತೆರೆಯುವುದಿಲ್ಲ, ಮೇ ತಿಂಗಳ ಮಂಗಳೂರಿನಲ್ಲಿ ತೆರೆಯುವುದು ಜಾಣತನವೂ ಅಲ್ಲ. ಬೀದರದ ಬಿಸಿಲು ಸುಡುತ್ತದೆ, ಇಲ್ಲಿಯದು ಬೇಯಿಸುತ್ತದೆ. ಆದರೆ ಆ ಗಾಜು ತಡೆಯುವುದು ಸೆಕೆಯನ್ನಷ್ಟೇ ಅಲ್ಲ. ಊರಿನ ಸದ್ದು, ಊರಿನ ವಾಸನೆ ಎರಡೂ ಆಚೆಯೇ ನಿಲ್ಲುತ್ತವೆ. ಜಾಹೀರಾತಿನಲ್ಲಿ ಬಂದರಿನ ಗಲಗಲವನ್ನು ತೋರಿಸಿ ಗಿರಾಕಿಯನ್ನು ಕರೆಯುವುದು, ಬಂದ ಮೇಲೆ ಆ ಗಲಗಲ ಕೇಳದಂತೆ ಎರಡು ಪದರದ ಗಾಜು ಹಾಕುವುದು: ಬಾಡಿಗೆಯ ದೊಡ್ಡ ಪಾಲು ಹೋಗುವುದು ಈ ಗಾಜಿಗೇ ಇರಬೇಕು.

ಬೆಳಗ್ಗೆ ಐದಕ್ಕೆ ಮಾಸ್ತರರು ಹೊರಬಿದ್ದರು. ಮನೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಬಂದರು. ಅವರದು ಲಿಂಗ ಕಟ್ಟಿದ ಮನೆತನ. ಮೀನನ್ನು ನೀರಿನಲ್ಲಿ ಕಂಡದ್ದುಂಟು, ಬುಟ್ಟಿಯಲ್ಲಿ ಕಂಡದ್ದು ಕಡಿಮೆ. ಮೀನು ಇಳಿಸುವ ಧಕ್ಕೆಯಲ್ಲಿ ಆ ಹೊತ್ತಿಗೆ ಹಗಲೇ ಆಗಿರುತ್ತದೆ. ಟ್ರಾಲ್ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಒಳಗಿನಿಂದ ಪ್ಲಾಸ್ಟಿಕ್ ಕ್ರೇಟುಗಳು ಕೈಯಿಂದ ಕೈಗೆ ಬರುತ್ತವೆ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ. ಮಂಜುಗಡ್ಡೆ ಪುಡಿಮಾಡುವ ಯಂತ್ರದ ಕರಕರ, ಅದರ ಮೇಲೆ ತುಳು, ಬ್ಯಾರಿ, ಕನ್ನಡ, ಮಲಯಾಳ ಬೆರೆತ ಕೂಗು. ಕಾಲಡಿಯಲ್ಲಿ ಮೀನಿನ ನೀರು. ಮೇಲೆ ಹದ್ದು, ಕೆಳಗೆ ಬೆಕ್ಕು, ನಡುವೆ ಕೊಕ್ಕರೆ. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರು ಯಾರಿಗೂ ದಾರಿ ಬಿಡುವುದಿಲ್ಲ; ಬಿಡಬೇಕಾದವರು ಉಳಿದವರು.

ಹರಾಜು ಕೂಗುವವನು ಕ್ರೇಟಿನ ಪಕ್ಕ ನಿಂತು ದರ ಏರಿಸುತ್ತಿದ್ದ. ಮನೆಯವರ ಸೆರಗು ಮೆಲ್ಲಗೆ ಮೂಗಿನಿಂದ ಇಳಿಯಿತು. ಅವರ ತವರಿನವರದು ಭಾಲ್ಕಿಯಲ್ಲಿ ಅಡತಿ ಅಂಗಡಿ. ಚೀಲದ ತೊಗರಿಯ ಮುಂದೆ ಇದೇ ಕೂಗು, ಇದೇ ಕಣ್ಣುಸನ್ನೆ ನೋಡುತ್ತ ಬೆಳೆದವರು. ಭಾಷೆ ತಿಳಿಯದಿದ್ದರೂ ಆಟ ತಿಳಿಯಿತು. “ಆ ನೀಲಿ ಅಂಗಿಯವ ತಗೋಳ್ಳೋದಿಲ್ರಿ, ಸುಮ್ಮ ದರ ಏರಿಸ್ಲತ್ತಾನ. ಅವ್ನು ಕೂಗೋನ ಕಡೀ ಮನಿಷ್ಯಾ,” ಎಂದರು ಗಂಡನ ಕಿವಿಯಲ್ಲಿ. ನೀಲಿ ಅಂಗಿಯವನು ನಿಜವಾಗಿಯೂ ತಗೊಳ್ಳಲಿಲ್ಲ. ಅಲ್ಲಿಂದ ಅವರನ್ನು ಎಬ್ಬಿಸಲು ಮಾಸ್ತರರಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಬಂದರಿನ ದೊಡ್ಡ ಹಡಗುಗಳು ಎಂದೋ ಬಡಗಣದ ಪಣಂಬೂರಿಗೆ ಹೋದವು. ಹಳೆ ಬಂದರಿನಲ್ಲಿ ಆಳ ಕಡಿಮೆ, ಹಡಗು ಹೊರಗಡಲಲ್ಲಿ ನಿಂತು ಸರಕನ್ನು ದೋಣಿಯಲ್ಲಿ ತರಬೇಕಿತ್ತು. 1974ರಲ್ಲಿ ನವಮಂಗಳೂರು ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು. ಉಳಿದದ್ದು ಮೀನು ಮತ್ತು ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು. ಮರದ ಆ ಹಡಗುಗಳಿಗೆ ಸಿಮೆಂಟು, ತರಕಾರಿ, ದಿನಸಿ ತುಂಬುತ್ತಿದ್ದರು. ಹೋಟೆಲಿನ ಹವಾನಿಯಂತ್ರಿತ ಲಾಬಿಯಿಂದ ಇಲ್ಲಿಗೆ ನಡೆದರೆ ಎಷ್ಟು ಹೊತ್ತು? ಬೆವರು ಕುತ್ತಿಗೆಯಿಂದ ಬೆನ್ನಿಗೆ ಇಳಿಯುವಷ್ಟು.

ತಿಂಡಿಯ ಹೊತ್ತಿಗೆ ಹಿಂದಿರುಗಿದಾಗ ಬಫೆಯ ಮುಂದೆ ಇನ್ನೊಂದು ಪರೀಕ್ಷೆ. ನೀರುದೋಸೆ, ಬನ್ಸು, ಪತ್ರೊಡೆ ಪಾಸಾದವು. ತೆಂಗಿನೆಣ್ಣೆಯ ಪಲ್ಯ ಫೇಲು. ಮಧ್ಯಾಹ್ನದ ಕುಚಲಕ್ಕಿ ಅನ್ನವನ್ನು ನೋಡಿ, “ಇದು ಇನ್ನೂ ಬೇಯ್ಬೇಕಲ್ಲ?” ಎಂದು ಕೇಳಿದ್ದಕ್ಕೆ ಬಡಿಸುವ ಹುಡುಗ ಗಂಭೀರವಾಗಿ “ಬೆಂದದ್ದೇ ಅಮ್ಮ, ಅದು ಹಾಗೇ,” ಎಂದ. ರಾತ್ರಿ ಕೋಣೆಯಲ್ಲಿ, ಹೊರಗಿನ ಊಟ ತರಬಾರದೆಂಬ ಚೀಟಿಯ ಮೇಲೆಯೇ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದರು. ಕಡಕ್ ರೊಟ್ಟಿ ಮುರಿಯುವ ಸದ್ದು ಎರಡು ಪದರದ ಗಾಜಿನೊಳಗೆ ಬಹಳ ದೊಡ್ಡದಾಗಿ ಕೇಳುತ್ತದೆ.

ಮರುದಿನ ಸಾಮಾನ್ಯ ಜನರೊಂದಿಗೆ ಫೆರಿ ದೋಣಿ ಹತ್ತಿ ಬೆಂಗ್ರೆಗೆ ಹೋದರು. ಟಿಕೇಟಿಗೆ ಚಿಲ್ಲರೆ ಕಾಸು. ಶಾಲೆಯ ಮಕ್ಕಳ ಬೇಸಿಗೆ ಗಲಾಟೆ, ಗ್ಯಾಸ್ ಸಿಲಿಂಡರು, ಒಬ್ಬರ ಸ್ಕೂಟರು, ಎಲ್ಲ ಅದೇ ದೋಣಿಯಲ್ಲಿ. ಹೋಟೆಲಿನ ಕೋಣೆಯಿಂದ ಸಾವಿರಾರು ರೂಪಾಯಿಗೆ ಕಂಡ ನೀರು ಇಲ್ಲಿ ಕೈಗೇ ಸಿಕ್ಕಿತು. ಮಾಸ್ತರರು ಅದನ್ನು ಲೆಕ್ಕದ ಭಾಷೆಯಲ್ಲಿ ಹೇಳಲು ಹೋದಾಗ ಮನೆಯವರು, “ಖರೆ, ಆದ್ರ ಆ ಹೋಟೆಲಿನ ಹಾಸಿಗಿ ದೋಣ್ಯಾಗ ಅದಾ ಏನ್ರಿ?” ಎಂದು ಕೇಳಿ ಹಾಸಿಗೆಯ ಪರ ನಿಂತರು. ಪ್ರತಿವಾದಿ ಸುಮ್ಮನಾದರು.

ಈಗ ಪುಣೆಯ ಮಗ ಮುಂದಿನ ವರ್ಷದ ಸಲುವಾಗಿ ಮತ್ತೆ ಕೇಳುತ್ತಿದ್ದಾನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ಧಕ್ಕೆಗೆ ಕಟ್ಟಿಕೊಂಡು ನಿಂತಿರುತ್ತವೆ. ಮಳೆಗಾಲವಾದ್ದರಿಂದ ಪ್ರವಾಸಿಗಳೂ ವಿರಳ, ಬಾಡಿಗೆ ಇಳಿದು 7,500ರ ಒಳಗೆ ಸಿಗುವ ಆಸೆಯುಂಟು. ವಾಸನೆ ಇಲ್ಲ, ತೆರಿಗೆ ಕಡಿಮೆ, ಆಗಲೇ ಹೋಗೋಣ ಎಂದು ಮಾಸ್ತರರು. ಹರಾಜು ಇಲ್ಲದ ಬಂದರಿಗೆ ಹೋಗಿ ಮಾಡುವುದೇನು ಎಂದು ಅವರ ಮನೆಯವರು.

“ಮಳಿ ನೋಡೋದು.”

“ಮಳಿ ನೋಡ್ಲಾಕ ಮಂಗಳೂರಿಗಿ ಹೋಗ್ಬೇಕಾ? ಆಗಸ್ಟ್‌ದಾಗ ಮಾಡು ತಮ್ಮಾ. ನೀರಿನ ಕಡೀದೇ ಕೋಣಿ ಇರ್ಲಿ, ಮ್ಯಾಲಿನ ಮಾಳಗಿದು. ಮತ್ತ ಕಲ್ಯಾಣದ ಬೀಗತಿನೂ ಬರ್ತೀನಿ ಅಂದಾಳ, ಬಾಜೂಕ ಇನ್ನೊಂದ್ ಕೋಣಿ ನೋಡು.”