ಗೋಡೆಯ ಮೇಲಣ ಬಾಕಿ

ಪರೋಪಕಾರಿಗಳ ಗುಣಗಾನವನ್ನು ಅವರು ತೀರಿಕೊಂಡ ತರುವಾಯವೇ ಮಾಡುವ ಪದ್ಧತಿ ನಮ್ಮಲ್ಲಿ ಬೇರೂರಿರುವುದಕ್ಕೆ, ಬದುಕಿರುವಾಗ ಹೊಗಳಿದರೆ ಅವರು ಇನ್ನಷ್ಟು ಉತ್ಸಾಹಗೊಂಡು ನಮ್ಮನ್ನೂ ಆ ಪರೋಪಕಾರದೊಳಕ್ಕೆ ಎಳೆದುಕೊಂಡಾರೆಂಬ ಭೀತಿಯೇ ಕಾರಣವಿದ್ದೀತೆಂದು ನನ್ನ ಊಹೆ. ಚಂದ್ರಬಂಡದ ನಮ್ಮ ಮೇಸ್ತ್ರಿ ಮಾಮನ ವಿಷಯದಲ್ಲಂತೂ ಈ ಭೀತಿ ನಿರಾಧಾರವಾಗಿರಲಿಲ್ಲ; ಆತ ಇರುವವರೆಗೆ ಆತನನ್ನು ಬಾಯಿತುಂಬ ಹೊಗಳುವ ಧೈರ್ಯ ಊರಿನಲ್ಲಿ ಯಾರಿಗೂ ಬಾರದೆ ಇದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾಮನ ವಿದ್ಯಾಭ್ಯಾಸವಾದುದು ಹೈದರಾಬಾದಿನಲ್ಲಿ. ವಿದ್ಯಾಭ್ಯಾಸವೆಂದರೆ ಶಾಲೆಯದಲ್ಲ. ನಿಜಾಮರ ರೈಲ್ವೆಯವರು 1932ರಲ್ಲಿ 27 ಬಸ್ಸುಗಳನ್ನಿಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿದರಷ್ಟೆ. ಆ ಆಲ್ಬಿಯನ್ ಬಸ್ಸುಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಪಾನಾ ಹಿಡಿಯುವ ಕಲೆಯನ್ನೂ ಅದೇ ಪಾನಾದ ಪೆಟ್ಟುಗಳನ್ನೂ ಉಸ್ತಾದರಿಂದ ಏಕಕಾಲಕ್ಕೆ ಸಂಪಾದಿಸಿಕೊಂಡು ಊರಿಗೆ ಮರಳಿದವನಾತ. 1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮಾಮನ ರಾಜನಿಷ್ಠೆ ಮಾತ್ರ ಆಲ್ಬಿಯನ್ನಿಗೇ ಮೀಸಲಾಗಿ ಉಳಿಯಿತು. ಮೈಸೂರಿನಲ್ಲಿ ತಯಾರಾದ ಹೊಸ ಜಾವಾ ಗಾಡಿಯನ್ನು ಯಾರಾದರೂ ಹೆಮ್ಮೆಯಿಂದ ತಂದು ನಿಲ್ಲಿಸಿದರೆ, ಅದರ ಸಪ್ಪಳವನ್ನು ಒಂದು ಗಳಿಗೆ ಆಲಿಸಿ, “ಛಲೋ ಅದ, ಕೂಸಿಗೆ ಆಡಲಿಕ್ಕ” ಎಂದುಬಿಡುವನು. ಹತ್ಯಾರಗಳ ಹೆಸರು ಹೇಳುವುದು ಉರ್ದುವಿನಲ್ಲಿ, ಶಿಷ್ಯರನ್ನು ಬಯ್ಯುವುದು ತೆಲುಗಿನಲ್ಲಿ, ಹಟ ಹಿಡಿದ ಇಂಜಿನ್ನನ್ನು ಓಲೈಸುವುದು ಮಾತ್ರ ಕನ್ನಡದಲ್ಲಿ. ಗಡಿನಾಡಿನ ಭಾಷಾಸಮಸ್ಯೆಯನ್ನು ಇಷ್ಟು ನಿರ್ವಿವಾದವಾಗಿ ಬಗೆಹರಿಸಿದ ಇನ್ನೊಬ್ಬರನ್ನು ನಾನರಿಯೆ.

ಗಿರಣಿಯ ಡೀಸೆಲ್ ಇಂಜಿನ್ನು ಮುನಿಸಿಕೊಂಡ ದಿನ, ಜೋಳದ ಬುಟ್ಟಿಗಳ ಸಾಲಿನ ಹಿಂದೆ ನಿಂತು ನಾವು ಹುಡುಗರು ಕಾಣುತ್ತಿದ್ದ ವೈಭವವೇ ವೈಭವ. ಮೊದಲು ಮಾಮ ಅದಕ್ಕೆ ಒಂದು ಪ್ರದಕ್ಷಿಣೆ ಬರುವನು. ಆಮೇಲೆ ಎಣ್ಣೆಯ ನಳಿಗೆಯ ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ಗಾಳಿಯ ಗುಳ್ಳೆಗಳೆಲ್ಲ ತೀರಿ ಡೀಸೆಲ್ಲು ನಿರ್ಮಲವಾಗಿ ಜಿನುಗುವ ತನಕ ಕಣ್ಣು ಕಿರಿದು ಮಾಡಿ ನೋಡಿ, ತಿರುಪನ್ನು ಬಿಗಿದು, ಸಿಲಿಂಡರಿನ ನೆತ್ತಿಯ ಮೇಲಣ ಸನ್ನೆಯನ್ನೆತ್ತಿ ಒಳಗಿನ ಒತ್ತಡ ಬಿಡಿಸಿ, ಹ್ಯಾಂಡಲನ್ನು ಸಿಕ್ಕಿಸಿ ತಿರುವುತ್ತ, ಆ ಭಾರಿ ಚಕ್ರವು ತನ್ನ ಭಾರದಿಂದಲೇ ತಾನು ತಿರುಗತೊಡಗಿತೆಂಬ ಕ್ಷಣವನ್ನು ಕಾದು ಸನ್ನೆಯನ್ನು ಟಪ್ಪೆಂದು ಬೀಳಿಸಿದನೆಂದರೆ, ಛಾವಣಿಯ ಮೇಲಿನ ಕೊಳವೆಯಿಂದ ಮೊದಲು ಒಂದು ಕೆಮ್ಮು, ಬಳಿಕ ಊರೆಲ್ಲ ಕೇಳುವಂತೆ ಡುಗ್ ಡುಗ್ ಎಂಬ ಸಮಾಧಾನದ ನುಡಿ. “ಸಿಟ್ಟು ಇಳೀತೇನವ್ವಾ?” ಎಂದು ಮಾಮ ಅದನ್ನು ಕೇಳುತ್ತಿದ್ದ. ಮನೆಯಲ್ಲಿ ಅತ್ತಿಯನ್ನು ಹೀಗೆ ಕೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಹಾಗೆಂದು ಆತ ಸಂಸಾರವನ್ನು ಕಡೆಗಣಿಸಿದವನಲ್ಲ. ಆತನ ಪ್ರೇಮವೆಲ್ಲ ಕಿವಿಯ ಮಾರ್ಗವಾಗಿ ಹರಿಯುವಂಥದಾಗಿತ್ತು. ಅತ್ತಿ ಒಳಗೆ ರೊಟ್ಟಿ ಬಡಿಯುತ್ತಿದ್ದರೆ, ಹೊರಗೆ ಬೇವಿನ ಮರದ ಕೆಳಗೆ ಯಾವನದೋ ಸೈಕಲ್ಲಿನ ಛರ್ರಾಗಳನ್ನು ಸೀಮೆ‌ಎಣ್ಣೆಯಲ್ಲಿ ತೊಳೆಯುತ್ತ ಕುಳಿತ ಮಾಮ ತಟ್ಟನೆ ತಲೆಯೆತ್ತಿ, “ಸಪ್ಪಳ ದಪ್ಪ ಬರ್ಲಿಕ್ಕತ್ತದ, ಗಿರಣಿ ಕಲ್ಲು ಸವದಾವು” ಎಂದು ಎದ್ದು ಗಿರಣಿಯತ್ತ ಹೊರಟುಬಿಡುವನು. ಅತ್ತಿ ಬಾಗಿಲಿಗೆ ಬಂದು, “ರೊಟ್ಟಿ ಕಿವಿಲೆ ತಿನ್ನೋದಲ್ರೀ, ಬಾಯಿಲೆ ತಿನ್ನೋದು” ಎಂದು ಕೂಗುವಷ್ಟರಲ್ಲಿ ಆತ ಓಣಿ ದಾಟಿರುತ್ತಿದ್ದ.

ಈಗ ಗೋಡೆಯ ಸಂಗತಿಗೆ ಬರುತ್ತೇನೆ. ಹೊರಗಿನ ಲಾರಿಯವರಿಂದಲೂ ಗಿರಣಿಯ ಸಾಹುಕಾರನಿಂದಲೂ ಮಾಮ ರೊಕ್ಕ ಎಣಿಸಿಯೇ ತೆಗೆದುಕೊಳ್ಳುತ್ತಿದ್ದ. ಆತನ ಮನೆಯ ಒಲೆ ಉರಿಯುತ್ತಿದ್ದುದು ಅದರಿಂದ. ಊರವರಿಂದ ಮಾತ್ರ ಕವಡೆಯನ್ನೂ ಮುಟ್ಟುತ್ತಿರಲಿಲ್ಲ. “ರೊಕ್ಕ ಇರ್ಲಿ ಬಿಡ್ರಿ, ಬರಕೋತೀನಿ” ಎಂದು ಇದ್ದಲಿನ ತುಂಡೊಂದನ್ನು ಎತ್ತಿಕೊಂಡು ಗೋಡೆಯತ್ತ ತಿರುಗುವನು. ಪಂಕ್ಚರಿಗೆ ಅರ್ಧ ಆಳು, ಎಂದರೆ ಅರ್ಧ ದಿನದ ಸ್ವಂತ ಮೈದುಡಿಮೆ. ಕಾರ್ಬೊರೇಟರ್ ಸ್ವಚ್ಛ ಮಾಡಿದರೆ ಒಂದು ಆಳು. ಪಂಪಿನ ಇಂಜಿನ್ನು ಬಿಚ್ಚಿ ಕಟ್ಟಿದರೆ ನಾಲ್ಕು ಆಳು, ಎತ್ತಿನ ಗಾಡಿ ಸಮೇತ. ರೊಕ್ಕದ ಸಾಲವಾಗಿದ್ದರೆ ಕೊಟ್ಟು ಕೈ ತೊಳೆದುಕೊಳ್ಳಬಹುದಾಗಿತ್ತು, ಇಲ್ಲವೆ ಕೊಡದೆಯೂ ಇರಬಹುದಾಗಿತ್ತು. ಈ ಸಾಲಕ್ಕೆ ಎರಡೂ ದಾರಿಯಿಲ್ಲ. ಜಾತ್ರೆಯ ಮೊದಲು ತೇರಿನ ಗಾಲಿಗೆ ಗ್ರೀಸು ಹಚ್ಚುವಾಗಲೋ, ಮಳೆಗೆ ಕಿತ್ತುಹೋದ ದಾರಿಗೆ ಮರಂ ಹಾಕುವಾಗಲೋ, ನಸುಕಿನಲ್ಲಿ ಬಾಗಿಲ ಮುಂದೆ ಮಾಮನ ಶಿಷ್ಯ ನಿಂತು, “ನಿಮ್ಮ ಹೆಸರು ಗ್ವಾಡಿ ಮ್ಯಾಲ ಅದಂತ್ರಿ” ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋಗುವನು. ಊರಿನಲ್ಲಿ ಸ್ವಯಂಸೇವಕನೆಂದರೆ ಮಾಮನೊಬ್ಬನೇ. ನಾವೆಲ್ಲ ಸಾಲಗಾರ ಸೇವಕರು.

ಈ ವ್ಯವಸ್ಥೆಯ ಪರಮಾವಧಿಯನ್ನು ನೋಡಬೇಕಾದರೆ ಬೋರಿಂಗು ಕೆಟ್ಟ ದಿನ ನೋಡಬೇಕು. ಕೃಷ್ಣೆ ತುಂಗಭದ್ರೆಗಳೆಂಬ ಎರಡು ಮಹಾನದಿಗಳ ನಡುವೆ ಕುಳಿತೂ ಬಾಯಾರುವ ಯೋಗ ಎಡೆದೊರೆ ನಾಡಿನ ಹಳ್ಳಿಗಳ ಹಣೆಯಲ್ಲಿ ಬರೆದದ್ದು. ಸೊಲ್ಲಾಪುರದ ಕಡೆಯ ಪಂಪೊಂದನ್ನು ತಿದ್ದಿ, ಯುನಿಸೆಫ್ ನೆರವಿನಿಂದ ರೂಪಿಸಿದ ಇಂಡಿಯಾ ಮಾರ್ಕ್-2 ಎಂಬ ಕೈಪಂಪು ದೇಶದ ಹಳ್ಳಿಹಳ್ಳಿಗೆ ಬಂದ ಕಾಲದಲ್ಲಿ ನಮ್ಮಲ್ಲಿಗೂ ಬಂತು. ಅದರ ಪ್ರಾಣವೆಲ್ಲ ಪಾತಾಳದಲ್ಲಿರುವ ಸಿಲಿಂಡರಿನೊಳಗಣ ಚರ್ಮದ ವಾಷರಿನಲ್ಲಿ. ಅಂಗೈಯಗಲವೂ ಇಲ್ಲದ ಆ ತೊಗಲಿನ ಬಟ್ಟಲು ಸವೆದರೆ, ಅದನ್ನು ಬದಲಿಸಲು ಹತ್ತು ಹತ್ತು ಅಡಿಯ ಕಬ್ಬಿಣದ ಪೈಪುಗಳನ್ನೆಲ್ಲ ಒಂದಾದ ಮೇಲೊಂದು ಮೇಲೆತ್ತಿ ಕಳಚಬೇಕು. ನಡುವೆ ಕೈ ಜಾರಿತೋ, ಪೈಪೂ ಹೋಯಿತು, ನೀರೂ ಹೋಯಿತು. ಪೂಜಾರಪ್ಪ, ಮೇಷ್ಟ್ರು, ಊರಿನ ದೊಡ್ಡ ಸಾಹುಕಾರರು, ಸೈಕಲ್ ಬಾಕಿಯ ನಾನು, ಇಷ್ಟೂ ಜನ ಜಾತಿಮತಭೇದವಿಲ್ಲದೆ ಒಂದೇ ಪೈಪನ್ನು ಅಪ್ಪಿಕೊಂಡು ಬೆವರುತ್ತಿದ್ದಾಗ ಮಾಮ ಪಕ್ಕದಲ್ಲಿ ನಿಂತು, “ಬಿಡಬ್ಯಾಡ್ರೀ, ಯಪ್ಪಾ, ಬಿಡಬ್ಯಾಡ್ರೀ” ಎನ್ನುತ್ತಿದ್ದ. ಬಿಡುವ ಸ್ವಾತಂತ್ರ್ಯ ಯಾರಿಗಿತ್ತು?

ರಾಯಚೂರಿಗೆ ಯಾರಾದರೂ ಬೀಗರು ಬಂದರೆ ಮಾಮ ಅವರನ್ನು ಕೋಟೆಗೆ ಕರೆದೊಯ್ಯುವನು. ಆದರೆ ಕೋಟೆಯನ್ನು ತೋರಿಸುತ್ತಿರಲಿಲ್ಲ. 1294ರ ಶಾಸನವಿರುವ, ನಲವತ್ತು ಅಡಿಗೂ ಉದ್ದದ ಬಂಡೆ ಅಲ್ಲಿಯ ಗೋಡೆಯಲ್ಲುಂಟು. ಅಂಥ ಬಂಡೆಯನ್ನು ಗಾಲಿಬಂಡಿಯ ಮೇಲೇರಿಸಿ ಕೋಣಗಳಿಂದ ಎಳೆಸಿ ತರುತ್ತಿರುವ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿರುವವರ ಮೇಲೆ ಬೆರಳಿಟ್ಟು, “ನೋಡ್ರಿ, ನಮ್ಮವರು” ಎನ್ನುವನು. ಕಟ್ಟಿಸಿದ ಪ್ರಭುವಿನ ಹೆಸರನ್ನು ಓದಲು ಹೊರಟ ಬೀಗರಿಗೆ ಆತನ ಉತ್ಸಾಹ ಅರ್ಥವಾದದ್ದು ಅಪರೂಪ.

ಹಿರಿಯ ಮಗಳ ಮದುವೆಯ ಮುಂಜಾನೆ, ಬೀಗರ ಟೆಂಪೊ ಊರ ಹೊರಗಿನ ಹಳ್ಳದಲ್ಲಿ ನಿಂತಿತೆಂದು ಸುದ್ದಿ ಬಂದಾಗ, ಮಾಮ ಅರಿಸಿನದ ಕೈಯಲ್ಲೇ ಪಾನಾ ಹಿಡಿದು ಹೋಗಿ, ಹೊಸ ಧೋತರವನ್ನು ಕಚ್ಚೆ ಕಟ್ಟಿ ಗಾಡಿಯ ಕೆಳಗೆ ನುಸುಳಿದ. ವರನ ಸೋದರಮಾವನಿಗೆ ಹೊರಗೆ ಚಾಚಿದ್ದ ಎರಡು ಪಾದಗಳ ಹೊರತು ಬೇರೇನೂ ಕಾಣಿಸದಾದ್ದರಿಂದ, ಅವನ್ನೇ ಉದ್ದೇಶಿಸಿ, “ಲಗೂನ ಮಾಡೋ ತಮ್ಮಾ, ಮುಹೂರ್ತ ಮೀರ್ತದ, ಎಷ್ಟಾತು ಹೇಳು” ಎಂದು ಚೌಕಾಶಿಗೆ ತೊಡಗಿದರು. ಪಾದಗಳ ಕಡೆಯಿಂದ, “ರೊಕ್ಕ ಇರ್ಲಿ ಬಿಡ್ರಿ, ಬರಕೋತೀನಿ” ಎಂದು ಉತ್ತರ ಬಂತು. ಕನ್ಯಾದಾನಕ್ಕೆ ಕುಳಿತ ಮಾಮನ ಧೋತರದ ಮೇಲಿನ ಗ್ರೀಸಿನ ಗುರುತು ಕಂಡಾಗ ಆ ಹಿರಿಯರ ಮುಖ ಹೇಗಾಯಿತೆಂಬುದನ್ನು ನಾನು ವರ್ಣಿಸಲಾರೆ. ಆದರೆ ಮರುವರ್ಷದ ಬೇಸಿಗೆಯಲ್ಲಿ ಅವರು ಮಾನ್ವಿಯಿಂದ ಬಸ್ಸು ಹತ್ತಿ ಬಂದು ನಮ್ಮೊಡನೆ ಪೈಪು ಹಿಡಿದು ನಿಂತಿದ್ದರು.

ಮಾಮ ತೀರಿಕೊಂಡ ಹದಿನಾರನೆಯ ದಿನ ಶಾಲೆಯಂಗಳದಲ್ಲಿ ಶ್ರದ್ಧಾಂಜಲಿಯ ಸಭೆ ಸೇರಿತು. ಭೀತಿ ತೊಲಗಿದ್ದುದರಿಂದ ಹೊಗಳಿಕೆ ಕಟ್ಟೆಯೊಡೆದು ಹರಿಯಿತು. ನಿಃಸ್ವಾರ್ಥಿ, ಕರ್ಮಯೋಗಿ, ಊರಿನ ದೀಪ ಎಂದೆಲ್ಲ ಹೇಳಿ ಸಭಾಧ್ಯಕ್ಷರು ಕಣ್ಣೊರಸಿಕೊಳ್ಳುತ್ತಿದ್ದಾಗ, ಹೆಂಗಸರ ಕಡೆಯಿಂದ ಅತ್ತಿ ಎದ್ದು ನಿಂತು, ಅಗಸಿಯ ಬೋರಿಂಗು ನಿನ್ನೆಯಿಂದ ನೀರು ಕಚ್ಚುತ್ತಿಲ್ಲವೆಂದೂ, ವಾಷರು ತರಿಸಿಟ್ಟಿದ್ದೇನೆಂದೂ, ನಸುಕಿಗೆ ಬರಬೇಕಾದವರ ಹೆಸರುಗಳು ಇಂತಿವೆಯೆಂದೂ ಹೇಳಿ, ಗೋಡೆಯನ್ನೇ ಕಂಠಸ್ಥ ಮಾಡಿಕೊಂಡವಳಂತೆ ಓದತೊಡಗಿದಳು. ಮೊದಲನೆಯ ಹೆಸರು ಅಧ್ಯಕ್ಷರದೇ: ನಾಲ್ಕು ಆಳು, ಗಾಡಿ ಸಮೇತ.

“ಅಲ್ಲವ್ವಾ, ಮೇಸ್ತ್ರಿನೇ ಹೋದ ಮ್ಯಾಲ ಆ ಬಾಕಿ...” ಎಂದು ಅವರು ರಾಗ ತೆಗೆದರು.

“ಹೋದವ್ರು ಅವ್ರು. ಬಾಕಿ ನಿಮ್ದದ,” ಎಂದಳು ಅತ್ತಿ. “ಆಳು ಕಳಸಬ್ಯಾಡ್ರಿ ಮತ್ತ, ಹ್ವಾದ್ಸಲ ಹಂಗೇ ಮಾಡಿದ್ರಿ.”